ಆಷಾಢದಲ್ಲಿ ಎಣಿಸಿದ ತಲೆಗಳು

ಹೋದ ತಿಂಗಳು ನಂಜನಗೂಡಿನಲ್ಲಿ ಸೊಪ್ಪು ತರಲು ಹೊರಟವಳು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹೊಸದಾಗಿ ತೆರೆದ ಕೇಕಿನ ಅಂಗಡಿಯೊಂದರಿಂದ ಬೆಣ್ಣೆ, ಸಕ್ಕರೆ, ವೆನಿಲ್ಲಾ ಎಲ್ಲ ಸೇರಿದ ಬಿಸಿ ವಾಸನೆ ಬರುತ್ತಿತ್ತು. ಗುಲಾಬಿ ಬಣ್ಣದ ಗೋಡೆ, ಗುಲಾಬಿ ಟೋಪಿ ಹಾಕಿಕೊಂಡ ಹುಡುಗಿ. ಯಾರೋ ಒಳಗೆ ಕಾಲಿಟ್ಟ ಕೂಡಲೇ ಅವಳು “ಸಂಭ್ರಮಕ್ಕೆ ಸ್ವಾಗತ!” ಎಂದಳು. ಆ ಟೋಪಿ ನನ್ನ ತಲೆಯ ಮೇಲೆ ಇರಬೇಕಾಗಿತ್ತು. ಒಂದು ಆಷಾಢಮಾಸವನ್ನು ನಾನು ಆ ಟೋಪಿಯ ಕನಸಿನಲ್ಲೇ ಕಳೆದಿದ್ದೆ. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದು ಬೈದ ಮೇಲೆ ಪಕ್ಕಕ್ಕೆ ಸರಿದೆ.

ಆ ಆಷಾಢದ ಹೊತ್ತಿಗೆ ನಾನು ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು. ಬಿಟ್ಟು ಎನ್ನುವುದು ತಪ್ಪು. ಕೆಲಸವೇ ನನ್ನನ್ನು ಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು ನಾನು. ಷರ್ಟಿನ ಕಾಲರಿನಲ್ಲಿ ಒಂದೆಳೆ ದಾರ ತಪ್ಪಿದ್ದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಫ್ಯಾಕ್ಟರಿ ಬೇರೆ ಊರಿಗೆ ಹೋಯಿತು, ನಾವು ಹೋಗಲಿಲ್ಲ. ಕೈಗೆ ಒಂದಿಷ್ಟು ಇಡುಗಂಟು ಬಂತು. ಬ್ಯಾಂಕಿನಲ್ಲಿ ಇಡು ಎಂದರು ನಮ್ಮ ಯಜಮಾನರು. ನನಗೆ ದುಡ್ಡಿನದಲ್ಲ ಚಿಂತೆ. ಬಸ್ಸಿನಲ್ಲಿ ಯಾರಾದರೂ “ಏನ್ ಮಾಡ್ಕೊಂಡಿದ್ದೀರಿ?” ಎಂದು ಕೇಳಿದರೆ ಹೇಳಲು ಒಂದು ಮಾತು ಇರಲಿಲ್ಲವಲ್ಲ, ಅದು ಹಲ್ಲಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು.

ಆ ಹೊತ್ತಿಗೆ ಫೋನಿನಲ್ಲಿ ಇದೇ ಗುಲಾಬಿ ಟೋಪಿಯ ಕೇಕ್ ಕಂಪನಿಯ ಜಾಹೀರಾತು ಕಂಡಿತು. ಸಣ್ಣ ಊರುಗಳಲ್ಲಿ ಫ್ರಾಂಚೈಸಿ ಕೊಡುತ್ತಾರಂತೆ. ನಾನು ವಿವರಿಸಿದ್ದನ್ನೆಲ್ಲ ಕೇಳಿ ಯಜಮಾನರು ಒಂದೇ ಉಸಿರಿನಲ್ಲಿ ಅದರ ಅರ್ಥ ಹೇಳಿದರು: “ಹೆಸರು ಅವರದು, ಬಣ್ಣ ಅವರದು, ಟೋಪಿ ಅವರದು, ಕೇಕು ಅವರದು. ನಷ್ಟ ಮಾತ್ರ ನಿಂದು.” ಹೇಳಿದವರು ಹಾಗೇ ಪೇಪರ್ ಓದಲು ಕುಳಿತರು. ನನಗೆ ಹಟ ಬಂತು.

ಅಂಗಡಿಗೆ ಜಾಗ ತಿ. ನರಸೀಪುರದಲ್ಲಿತ್ತು. ನನ್ನ ಅಕ್ಕ ಗೌರಮ್ಮಣ್ಣಿಯನ್ನು ಅಲ್ಲಿಗೆ ಕೊಟ್ಟಿದ್ದರು. ಭಾವ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದರು. ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಅಂಗಡಿಯ ಷಟರನ್ನು ಅಕ್ಕ ಅಂದಿನಿಂದ ಎತ್ತಿಯೇ ಇರಲಿಲ್ಲ. ಹಿಂದಿನ ಬೀದಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಕೇಕಿನ ಅಂಗಡಿಯ ವಿಷಯ ಎತ್ತಿದಾಗ ಅವಳು ಕೇಳಿದ್ದು ಎರಡೇ ಪ್ರಶ್ನೆ.

“ಮೊಟ್ಟೆ ಆಕ್ತಾರಾ?”

“ಮೊಟ್ಟೆ ಹಾಕ್ದಿರೋದು ಮಾತ್ರ ತರಿಸ್ಬೋದಂತೆ ಅಕ್ಕ.”

“ನೀನು ದಿನಾ ಬತ್ತೀಯಾ?”

“ಬರ್ದೆ ಇನ್ನೇನು. ನಾನೇ ಓನರ್ರು.”

“ಸರಿ, ಮಾಡು ಅಂಗಾರೆ” ಎಂದಳು. ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಬೇಕಾದ ಉತ್ತರ ಸಿಕ್ಕಿದ ಮೇಲೆ ಯಾರು ಯೋಚಿಸುತ್ತಾರೆ?

ಕಂಪನಿಯ ಕಡೆಯಿಂದ ಪ್ರಮೋದ್ ಎಂಬವರು ಬೆಂಗಳೂರಿನಿಂದ ಬಂದು ಜಾಗ ನೋಡಿದರು. ಒಳ್ಳೆಯ ಮನುಷ್ಯ. ಅಳತೆ ಪಟ್ಟಿ ಹಿಡಿದು ಅಂಗಡಿಯ ಮುಂಭಾಗ ಅಳೆದರು, ರಸ್ತೆಯ ಫೋಟೋ ತೆಗೆದರು, ಕೇಕಿನ ಸ್ಯಾಂಪಲ್ ಡಬ್ಬಿಯೊಂದನ್ನು ಕೊಟ್ಟರು. ಕೊನೆಗೆ ಒಂದು ಫಾರಂ ಕೈಗಿಟ್ಟರು. “ಮೇಡಂ, ಹದಿನೈದು ದಿನ ಅಂಗಡಿ ಮುಂದೆ ಕೂತು ಎಷ್ಟು ಜನ ಓಡಾಡ್ತಾರೆ ಅಂತ ಎಣಿಸ್ಬೇಕು. ಮುಖ್ಯವಾಗಿ ಕಾರಲ್ಲಿ ಬರೋ ಫ್ಯಾಮಿಲಿಗಳು. ಅವರೇ ನಮ್ಮ ಕಸ್ಟಮರು. ಕಾಲಂ ಎಲ್ಲಾ ಇದೆ, ಗೀಟು ಎಳೀತಾ ಹೋಗಿ.”

ಆಷಾಢದಲ್ಲಿ ಹೊಸ ಕೆಲಸ ಹಿಡಿಯಬಾರದು. ಆದರೆ ಎಣಿಸುವುದಕ್ಕೇನು ದೋಷ? ಆಷಾಢದಲ್ಲಿ ಎಣಿಸಿ ಶ್ರಾವಣದಲ್ಲಿ ಸಹಿ ಹಾಕುವುದು ಎಂದು ನಾನೇ ತೀರ್ಮಾನಿಸಿಕೊಂಡೆ.

ಹೀಗೆ ಶುರುವಾಯಿತು ನನ್ನ ಆ ವಿಚಿತ್ರ ಋತು. ಬೆಳಿಗ್ಗೆ ನಂಜನಗೂಡಿನಿಂದ ಬಸ್ಸು, ಎಂಟು ಗಂಟೆಗೆಲ್ಲ ಷಟರಿನ ಮುಂದಿನ ಕಟ್ಟೆ. ಆ ವರ್ಷ ಮಳೆ ಬೇಗ ಹಿಡಿದಿತ್ತು. ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಕಣ್ಣಿಗೆ ಕಾಣದಿದ್ದರೂ ರಸ್ತೆಯ ಕೊನೆಯಿಂದ ಅದರ ಸದ್ದು ಬರುತ್ತಿತ್ತು. ಎದುರಿಗೆ ಒಂದು ಹೊಂಗೆಮರ. ಸೋನೆ ಬಿದ್ದಾಗ ಅದರ ಎಲೆಗಳು ಒಂದೊಂದೇ ಹನಿಯನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆ ನಿಧಾನವಾಗಿ ಬಿಡುತ್ತಿದ್ದವು. ಆ ರಸ್ತೆಯಲ್ಲಿ ಗಡಿಬಿಡಿ ಎಂಬುದಿರಲಿಲ್ಲ. ಹಾಲಿನವನು, ಎಮ್ಮೆಗಳು, ಶಾಲೆಯ ಆಟೋ, ಆಮೇಲೆ ಒಂದು ಕಾರು, ಮತ್ತೊಂದು ಕಾರು, ಒಂದು ಟೆಂಪೋ. ನಾಲ್ಕು ಗೀಟು, ಐದನೆಯದು ಅಡ್ಡ. ಗೀಟು ಎಳೆಯುತ್ತ ಎಳೆಯುತ್ತ ಕಣ್ಣು ತೆರೆದಿದ್ದಂತೆಯೇ ಮಂಪರು ಕವಿಯುತ್ತಿತ್ತು. ಗುಲಾಬಿ ಗೋಡೆ ಕಾಣುತ್ತಿತ್ತು, ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಕುಳಿತ ಕೇಕುಗಳು ಕಾಣುತ್ತಿದ್ದವು, ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೊಪ್ರೈಟರ್ ಎಂದು ನನ್ನ ಹೆಸರು ಕಾಣುತ್ತಿತ್ತು.

ಮೊದಲ ಎರಡು ದಿನ ಅಕ್ಕ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು. ಮೂರನೆಯ ದಿನ ಮಣೆ ತಂದು ಪಕ್ಕದಲ್ಲಿ ಕುಳಿತಳು. ಐದನೆಯ ದಿನದ ಹೊತ್ತಿಗೆ ಎರಡು ಕುರ್ಚಿ, ಒಂದು ಛತ್ರಿ, ಸ್ಟೀಲು ಡಬ್ಬಿಯಲ್ಲಿ ಖಾರಪುರಿ ಎಲ್ಲ ಬಂದವು. ಬೀರುವಿನಲ್ಲಿ ಇದ್ದ ಹಸಿರು ಸೀರೆ ಹೊರಗೆ ಬಂತು. ಬಾಯಿಯೂ ಬಂತು. ನಮ್ಮ ತವರು ದೇವನೂರಿನಲ್ಲಿ ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಕುಳಿತು ನಂಜನಗೂಡಿನ ಬಸ್ಸಿನಿಂದ ಇಳಿಯುವವರನ್ನು ನಾವಿಬ್ಬರೂ ಎಣಿಸುತ್ತಿದ್ದೆವಂತೆ. ಸಮ ಬಂದರೆ ರಾತ್ರಿಗೆ ಅಕ್ಕಿರೊಟ್ಟಿ, ಬೆಸ ಬಂದರೆ ಮುದ್ದೆ. ನನಗೆ ನೆನಪೇ ಇರಲಿಲ್ಲ. “ಬೆಸ ಬಂದಾಗೆಲ್ಲ ನೀನು ಒಬ್ಬನ್ನ ಜಾಸ್ತಿ ಎಣಿಸ್ತಿದ್ದೆ ಕಣೆ, ರೊಟ್ಟಿ ಆಸೆಗೆ” ಎಂದು ನಕ್ಕಳು. ಎರಡು ವರ್ಷದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಥವಾ ನೋಡುವಷ್ಟು ಹೊತ್ತು ಅವಳ ಹತ್ತಿರ ಕುಳಿತಿರಲಿಲ್ಲ.

ಕಂಪನಿಯ ನಿಯಮದಂತೆ ಬಂದವರಿಗೆಲ್ಲ ಹೇಳಬೇಕಾದ ಸ್ವಾಗತದ ಮಾತನ್ನು ನಾವು ಅಭ್ಯಾಸ ಮಾಡುತ್ತಿದ್ದೆವು. ನಾನು ಗಿರಾಕಿಯಾಗಿ ಬರುವುದು, ಅಕ್ಕ ಹೇಳುವುದು. “ಸಂಭ್ರಮಕ್ಕೆ” ಎನ್ನುವಷ್ಟರಲ್ಲಿ ಅವಳಿಗೆ ನಗು ಬಂದು ಸೆರಗು ಬಾಯಿಗೆ ಹೋಗುತ್ತಿತ್ತು. ಸ್ಯಾಂಪಲ್ ಕೇಕುಗಳನ್ನು ನಾವೇ ತಿಂದು ಮುಗಿಸಿದೆವು.

ಎಣಿಕೆಯೂ ಚೆನ್ನಾಗಿಯೇ ಬರುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಕಾರು, ಕೆಲವು ದಿನ ಹದಿನೈದು. ಎಲ್ಲ ಕುಟುಂಬಗಳೇ. ಇಳಿದು ಹೊಳೆಯ ಕಡೆಗೆ ನಡೆದು ಹೋಗುತ್ತಿದ್ದರು, ಒಂದೆರಡು ಗಂಟೆ ಬಿಟ್ಟು ಒದ್ದೆಯಾಗಿ ಬರುತ್ತಿದ್ದರು. ಹೋಗುವಾಗ ತಲೆ ತುಂಬ ಕೂದಲಿದ್ದ ಗಂಡಸರು ಬರುವಾಗ ನುಣ್ಣಗೆ ಬೋಳಿಸಿಕೊಂಡು ಬರುತ್ತಿದ್ದರು. ನಂಜನಗೂಡಿನವಳಿಗೆ ಇದನ್ನು ಬಿಡಿಸಿ ಹೇಳಬೇಕೆ? ನಮ್ಮೂರಿನಲ್ಲಿ ದಿನ ಬೆಳಗಾದರೆ ಬೋಳು ತಲೆಗಳೇ. ಹರಕೆ ಹೊತ್ತವರು ದೇವರಿಗೆ ಮುಡಿ ಕೊಟ್ಟು, ಹೊಳೆಯಲ್ಲಿ ಮುಳುಗಿ, ಮಕ್ಕಳಿಗೆ ಬೆಂಡು ಬತ್ತಾಸು ಕೊಡಿಸಿ, ಹೊಟ್ಟೆ ತುಂಬ ತಿಂದು ಊರಿಗೆ ಹೋಗುತ್ತಾರೆ. ಹರಕೆ ತೀರಿಸಿದವರ ಕೈ ಧಾರಾಳ. ನಾನು ಫಾರಮ್ಮಿನ ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದೆ: “ಹೆಚ್ಚಿನವರು ಮುಡಿ ಹರಕೆಯ ಕುಟುಂಬಗಳು. ಸಂತೋಷದಲ್ಲಿ ಬರುತ್ತಾರೆ.” ಇನ್ನೊಂದು ತೊಡಕೂ ಕಂಡಿತ್ತು. ಅನೇಕರ ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಸಣ್ಣ ಗಂಟು ಇರುತ್ತಿತ್ತು; ಬರುವಾಗ ಇರುತ್ತಿರಲಿಲ್ಲ. ಅದನ್ನೂ ಬರೆದೆ: “ಕೆಲವರು ಬುತ್ತಿ ತರುತ್ತಾರೆ.”

ಫೋನಿನಲ್ಲಿ ಪ್ರಮೋದ್‌ಗೆ ಓದಿ ಹೇಳಿದೆ. “ಸೂಪರ್ ಮೇಡಂ! ಬುತ್ತಿ ತರೋರನ್ನ ನಮ್ಮ ಕಡೆ ತಿರುಗಿಸ್ಕೊಳ್ಳೋದೇ ನಮ್ಮ ಚಾಲೆಂಜು” ಎಂದರು. ಪಕ್ಕದಲ್ಲಿದ್ದ ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಮಳೆ ದಬದಬನೆ ಸುರಿಯಿತು. ಹೊಳೆಯ ಕಡೆಯಿಂದ ಐದಾರು ಜನ ಓಡಿ ಬಂದು ನಮ್ಮ ಷಟರಿನ ಮುಂದಿನ ಶೀಟಿನ ಕೆಳಗೆ ನಿಂತರು. ಆಗಲೇ ಮಿಂದು ಒದ್ದೆಯಾಗಿದ್ದವರು, ಈಗ ನಡುಗುತ್ತಿದ್ದರು. ಅವರಲ್ಲಿ ಇಬ್ಬರು ಗಂಡಸರಿಗೆ ಹೊಸ ಬೋಳು ತಲೆ. ನೋಡಿದರೆ ಅಣ್ಣತಮ್ಮಂದಿರು ಎಂದು ಗೊತ್ತಾಗುತ್ತಿತ್ತು. ನನಗೆ ಉತ್ಸಾಹ ಉಕ್ಕಿತು. ಹನ್ನೆರಡು ದಿನ ದೂರದಿಂದ ಗೀಟಾಗಿ ಕಂಡ ಗಿರಾಕಿಗಳು ಮೊದಲ ಸಲ ಕೈಗೆಟಕುವಷ್ಟು ಹತ್ತಿರ ಬಂದಿದ್ದರು.

ನಾನು ಎದ್ದು ನಿಂತು, ಎರಡು ಕೈ ಜೋಡಿಸಿ, ಬಾಯಿ ತುಂಬ ನಕ್ಕು, “ಸಂಭ್ರಮಕ್ಕೆ ಸ್ವಾಗತ!” ಎಂದೆ. ಅವರು ಮುಖ ಮುಖ ನೋಡಿಕೊಂಡರು. ನಾನು ಅಷ್ಟಕ್ಕೇ ಬಿಡಲಿಲ್ಲ. ದೊಡ್ಡವನ ತಲೆ ನೋಡಿ, “ಯಾವ ದೇವ್ರಿಗೆ ಮುಡಿ ಕೊಟ್ರಿ? ತಲೆಗೆ ಗಂಧನೇ ಹಚ್ಕೊಂಡಿಲ್ವಲ್ಲ?” ಎಂದು ಕೇಳಿದೆ.

ಅವನು ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ. ಬಹಳ ಮೆತ್ತಗೆ ಹೇಳಿದ:

“ಮುಡಿ ಅಲ್ಲ ಕಣಮ್ಮ. ನಮ್ಮವ್ವ ಓಗ್ಬುಡ್ತು. ಅಸ್ತಿ ಬುಡಕ್ಕೆ ಬಂದಿದ್ದೋ.”

ಷರ್ಟಿನ ಒಂದೆಳೆ ದಾರ ಹಿಡಿಯುತ್ತಿದ್ದ ಕಣ್ಣು ಹನ್ನೆರಡು ದಿನ ಏನನ್ನು ನೋಡಿತ್ತೋ! ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಸುಟ್ಟು ಅಸ್ಥಿ ತೆಗೆದುಕೊಂಡು ಹೊಳೆಗೆ ಹೋಗುವ ಪದ್ಧತಿ ನಮ್ಮದಲ್ಲ. ಫ್ಯಾಕ್ಟರಿಗೆ ಬೆಳಿಗ್ಗೆ ಏಳಕ್ಕೆ ಹೋಗಿ ಕತ್ತಲಿಗೆ ಬರುತ್ತಿದ್ದ ನಾನು ನಮ್ಮೂರ ಹೊಳೆಯ ದಂಡೆಯನ್ನೂ ಹಬ್ಬ ಹರಕೆಗಲ್ಲದೆ ನೋಡಿದವಳಲ್ಲ. ಆದರೂ ಬುತ್ತಿ ಎಂದು ಬರೆದಿದ್ದೆನಲ್ಲ. ಬುತ್ತಿ! ಅವರ ಅವ್ವನನ್ನು, ಅವರ ಅಪ್ಪನನ್ನು, ದಿನಕ್ಕೆ ಹತ್ತು ಮನೆಯವರ ಪ್ರಾಣವನ್ನು ನಾನು ಬುತ್ತಿ ಎಂದು ಬರೆದಿದ್ದೆ. ನಿಂತ ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಅಷ್ಟರಲ್ಲಿ ಹಿಂದೆ ಕರಕರ ಸದ್ದಾಯಿತು. ಅಕ್ಕ ಮನೆಗೆ ಹೋಗಿ ಬೀಗದ ಕೈ ತಂದು ಷಟರ್ ಎತ್ತುತ್ತಿದ್ದಳು. ಎರಡು ವರ್ಷದ ತುಕ್ಕು; ಅರ್ಧಕ್ಕೆ ನಿಂತಿತು. ಆ ಅಣ್ಣತಮ್ಮಂದಿರೇ ಕೈ ಕೊಟ್ಟು ಮೇಲಕ್ಕೆ ತಳ್ಳಿದರು. ಒಳಗಿನಿಂದ ಗೊಬ್ಬರದ ಹಳೆಯ ಘಾಟು ಬಂತು. ಭಾವನ ಮೇಜು, ತಕ್ಕಡಿ, ಗೋಡೆಯ ಮೇಲೆ ಎರಡು ವರ್ಷದ ಹಿಂದಿನ ಕ್ಯಾಲೆಂಡರ್ ಎಲ್ಲ ಹಾಗೇ ಇದ್ದವು.

“ಎಣ್ಮಕ್ಳು ಒಳೀಕ್ ಬನ್ನಿ, ಬಟ್ಟೆ ಬದ್ಲಾಯ್ಸ್ಕೊಳಿ” ಎಂದಳು ಅಕ್ಕ. ಆಮೇಲೆ ದೊಡ್ಡವನ ಕಡೆ ತಿರುಗಿ ಕೇಳಿದಳು: “ನೀರು ಜಾಸ್ತಿ ಅದಲ್ವ. ಮೆಟ್ಲ ಮೇಲಿಂದ್ಲೇ ಬುಟ್ರಾ?”

“ಊಂ ಕಣಕ್ಕ. ತೆಪ್ಪದೋರು ಬರಾಕಿಲ್ಲ ಅಂದ್ರು.”

“ಎಲ್ಲಿಂದ ಬುಟ್ರೂ ಒಂದೇಯ. ವಯ್ಸಾಗಿತ್ತಾ?”

“ಎಪ್ಪತ್ತರ ಮೇಲೆ. ಆದ್ರೂ ಅವ್ವ ಅವ್ವನೇ ಅಲ್ವಾ ಅಕ್ಕ” ಎಂದವನು ಭಾವನ ಸ್ಟೂಲಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಬೆಳಗಿನಿಂದ ಎಲ್ಲರೆದುರು ತಡೆದುಕೊಂಡಿದ್ದನೇನೋ. ಅಕ್ಕ ಸಮಾಧಾನ ಹೇಳಲಿಲ್ಲ. ಮನೆಯಿಂದ ಒಣಗಿದ ಟವೆಲು, ಬಿಸಿ ಕಾಫಿ ತಂದು ಪಕ್ಕದಲ್ಲಿಟ್ಟಳು. ಮಳೆ ನಿಂತ ಮೇಲೆ ಅವರು ಹೊರಟರು. ಆ ದಿನ ನಾನು ಮುಂದೆ ಗೀಟು ಎಳೆಯಲಿಲ್ಲ.

“ಅಕ್ಕ, ನಿಂಗೆ ಗೊತ್ತಿತ್ತಾ?” ಎಂದೆ.

“ಮೂವತ್ತು ವರ್ಸದಿಂದ ಈ ರಸ್ತೇಲಿ ಇವ್ನಿ. ಗೊತ್ತಿಲ್ದೆ ಏನು?”

“ಮತ್ತೆ ಯಾಕೆ ಹೇಳ್ಲಿಲ್ಲ? ಹನ್ನೆರಡು ದಿನ ನಾನು ಸುಳ್ಳು ಬರ್ಕೊಂಡು ಕೂತಿದ್ದೀನಿ! ಸತ್ತವರ ಮನೆಯೋರು ಕೇಕ್ ತಿಂತಾರಾ? ನನ್ನ ಇಪ್ಪತ್ತೆರಡು ವರ್ಷದ ದುಡಿಮೆ ಇಲ್ಲಿಗೆ ಸುರಿದಿದ್ರೆ?”

“ಸೈನ್ ಆಕೋ ದಿನ ಏಳ್ತಿದ್ದೆ.”

“ಮೊದಲ್ನೇ ದಿನ ಯಾಕೆ ಹೇಳ್ಲಿಲ್ಲ?”

ಅವಳು ತಕ್ಕಡಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಏಳಿದ್ರೆ ನೀನು ಪೆನ್ನು ಬ್ಯಾಗಲ್ಲಿ ಮಡಿಕ್ಕೊಂಡು ನಂಜನಗೂಡ್ಗೆ ಒಂಟೋಗ್ತಿದ್ದೆ ಕಣೆ. ನಿಮ್ ಭಾವ ಓದ್ ಮೇಲೆ ನನ್ ಪಕ್ಕದಲ್ಲಿ ಒಬ್ರು ಇಷ್ಟೊತ್ತು ಕುಂತಿದ್ದು ಇದೇಯ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳು ಹೊಳೆಯ ಕಡೆ ನೋಡುತ್ತ ಹೇಳಿದಳು: “ಅವರ್ಗಾದ್ರೆ ಬುಟ್ಟು ಬರಕ್ಕೆ ಒಂದು ಒಳೆ ಅದೆ. ಕೈ ಬರಿದಾಗತ್ತೆ, ಮನ್ಗೋಯ್ತಾರೆ. ನಿಮ್ ಭಾವನ್ನ ತೋಟದಲ್ಲಿ ಮಣ್ಣು ಮಾಡ್ದೋ. ಅವತ್ತಿಂದ ಈ ಕೈ ಇನ್ನೂ ಏನೋ ಇಡ್ಕಂಡಂಗೇ ಅದೆ.”

ಮುಂದಿನ ಮೂರು ದಿನವೂ ನಾನು ಹೋಗಿ ಕುಳಿತೆ. ಹದಿನೈದು ದಿನ ಎಂದಿದ್ದರಲ್ಲ, ಮುಗಿಸುವುದು ನನ್ನ ಜಾಯಮಾನ. ಈಗ ಗೀಟು ಎಳೆಯುವಾಗ ಮುಖಗಳು ಕಾಣುತ್ತಿದ್ದವು. ಗಂಟನ್ನು ಹೇಗೆ ಹಿಡಿದಿರುತ್ತಾರೆ ಎಂದು ನೋಡುತ್ತಿದ್ದೆ. ಕೆಲವರು ಮಗುವನ್ನು ಹಿಡಿದಂತೆ, ಕೆಲವರು ಸುಡುವ ಪಾತ್ರೆ ಹಿಡಿದಂತೆ. ಷರಾ ಕಾಲಮ್ಮಿನಲ್ಲಿ ಹಿಂದೆ ಬರೆದದ್ದನ್ನು ಹೊಡೆದು ಹಾಕಿ, ಇದ್ದದ್ದನ್ನು ಇದ್ದಂತೆ ಬರೆದು ಪ್ರಮೋದ್‌ಗೆ ಕಳಿಸಿದೆ.

ಅವರು ಒಂದು ವಾರ ಬಿಟ್ಟು ಫೋನ್ ಮಾಡಿದರು. “ಮೇಡಂ, ಕಂಗ್ರಾಜುಲೇಷನ್ಸ್. ನಿಮ್ಮ ಜಾಗ ಓಕೆ ಆಗಿದೆ.”

“ಷರಾ ಓದಿದ್ರಾ ಪ್ರಮೋದ್?”

“ಓದ್ದೆ ಮೇಡಂ. ಹೆಡ್ ಆಫೀಸಲ್ಲಿ ನಂಬರ್ ಮಾತ್ರ ನೋಡ್ತಾರೆ. ಜನ ಯಾಕೆ ಬರ್ತಾರೆ ಅಂತ ಕಾಲಂ ಇಲ್ಲ. ನನ್ನ ಕೇಳಿದ್ರೆ…” ಎಂದು ದನಿ ತಗ್ಗಿಸಿದರು. “ನಾನು ಹೇಳ್ಬಾರ್ದು. ಯೋಚ್ನೆ ಮಾಡಿ.”

ಆ ದಿನ ನಾನು ಒಬ್ಬಳೇ ನರಸೀಪುರಕ್ಕೆ ಹೋಗಿ ಅಂಗಡಿಯೊಳಗೆ ಕುಳಿತೆ. ಆಸೆ ಎಂಬುದು ಕಾರಣ ಕೇಳುವುದಿಲ್ಲ. ಬೇರೆ ಗಿರಾಕಿಗಳೂ ಬಂದಾರು, ಊರಿನವರ ಹುಟ್ಟುಹಬ್ಬಗಳಿಲ್ಲವೇ, ಸಂಜೆ ವಾಕಿಂಗ್ ಬರುವವರಿಲ್ಲವೇ ಎಂದು ಮನಸ್ಸು ವಾದ ಹೂಡಿತು. ಓನರ್ ಆಗುವ ಸಂದರ್ಭ ಇನ್ನೊಂದು ಸಲ ಬರಲಾರದು ಎಂದೂ ಗೊತ್ತಿತ್ತು. ಆದರೆ ಒದ್ದೆ ಬಟ್ಟೆಯಲ್ಲಿ ನಡುಗುತ್ತ ಬಂದವರ ಎದುರು ಗುಲಾಬಿ ಟೋಪಿ ಹಾಕಿಕೊಂಡು ನಿಲ್ಲುವುದು ನನ್ನಿಂದಾಗದು. ಪ್ರಮೋದ್‌ಗೆ ಬೇಡ ಎಂದು ಮೆಸೇಜ್ ಕಳಿಸಿದೆ. ಕಳಿಸಿ ಅತ್ತೆ. ಯಾರೂ ಸತ್ತಿರಲಿಲ್ಲ, ನನ್ನ ಬೋರ್ಡೊಂದು ಹೋಗಿತ್ತು ಅಷ್ಟೇ. ಅಳು ಮಾತ್ರ ನಿಜವಾದದ್ದೇ.

ಬಸ್ ನಿಲ್ದಾಣದವರೆಗೆ ಅಕ್ಕ ಬಂದಳು. ಅಂಗಡಿ ಬೇಡವೆಂದುಬಿಟ್ಟೆ ಎಂದಾಗ ಅವಳು, “ಒಳ್ಳೇದೇ ಆಯ್ತು ಬುಡು” ಎಂದಳಾದರೂ ಮುಖ ಬಾಡಿತ್ತು. ಬಸ್ಸು ಹೊರಟಾಗ ಕಿಟಕಿಯ ಸರಳು ಹಿಡಿದು, “ಇನ್ನು ಯಾವಾಗ? ಗೌರಿ ಹಬ್ಬಕ್ಕಾ?” ಎಂದಳು. ನಾನು ಹೂಂ ಎಂದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಮದುವೆಯಾದ ಮೇಲೆ ಅಕ್ಕನ ಮನೆಗೆ ನಾನು ಹೋದದ್ದೆಲ್ಲ ಏನಾದರೂ ಇದ್ದಾಗಲೇ: ಹಬ್ಬ, ನಾಮಕರಣ, ಸಾವು, ತಿಥಿ, ಕೊನೆಗೆ ಒಂದು ಫಾರಂ. ಕರೆದದ್ದಕ್ಕೆ ಹೋಗಿ, ಉಂಡು, ಕುಂಕುಮ ಇಡಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸ್ಸು. ಅವಳಿಗೆ ಕುಂಕುಮ ಹೋದ ಮೇಲೆ ಕರೆಯಲು ಕಾರಣಗಳೂ ಕಡಿಮೆಯಾಗಿದ್ದವು. ಇಡುಗಂಟನ್ನು ಬ್ಯಾಂಕಿಗೆ ಹಾಕಿ ಬಂದ ಯಜಮಾನರು ಗೆದ್ದವರಂತೆ ಪೇಪರ್ ಬಿಡಿಸಿದರು. ಎರಡು ದಿನ ನಾನು ಕಪಾಟು ಜೋಡಿಸಿದೆ. ಮೂರನೆಯ ದಿನ ಎಂದಿನ ಬಸ್ಸಿನ ಹೊತ್ತಿಗೆ ಕಾಲು ತಾನಾಗಿ ಚಪ್ಪಲಿ ಮೆಟ್ಟಿತು. “ಎಲ್ಲಿಗೆ?” ಎಂದರು ಅವರು. ಬಸ್ಸಿಗೆ ಹೊತ್ತಾಯಿತು ಎಂದಷ್ಟೇ ಹೇಳಿ ಹೊರಟೆ.

ಅಕ್ಕ ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು ಗಾಬರಿಯಿಂದ ಎದ್ದಳು.

“ಯಾಕೆ ಬಂದೆ? ಪೇಪರ್ ಏನಾರ ಬಾಕಿ ಇತ್ತಾ? ಮನೇಲಿ ಎಲ್ರೂ ಸಂದಾಗವ್ರಾ?”

“ಎಲ್ಲಾ ಚೆನ್ನಾಗಿದ್ದಾರೆ. ಏನೂ ಇಲ್ಲ ಅಕ್ಕ. ಸುಮ್ನೆ ಬಂದೆ.”

“ಸುಮ್ನೆ ಬಂದ್ಯಾ?”

“ಹೂಂ. ಸುಮ್ನೆ.”

ಅವಳು ನನ್ನನ್ನು ಒಳಗೆ ಕರೆಯುವುದನ್ನೂ ಮರೆತು ಪಕ್ಕದ ಮನೆಯ ಗೋಡೆಯ ಹತ್ತಿರ ಹೋದಳು. ಎರಡು ವರ್ಷ ಆ ಬೀದಿ ಕೇಳಿರದಷ್ಟು ಜೋರಾದ ದನಿಯಲ್ಲಿ ಕೂಗಿ ಹೇಳಿದಳು:

“ಕೇಳುದ್ರಾ? ನಮ್ ಮಂಗ್ಳ ಬಂದವ್ಳೆ. ಅಬ್ಬಕ್ಕಲ್ಲ ಕಣ್ರೀ, ಯಾತಕ್ಕೂ ಅಲ್ಲ, ಸುಮ್ನೆ ಬಂದವ್ಳೆ!”